ವೈನಿ ತಂದ ಕೇಪಳ ನಮ್ಮ ಎರಿ ಮಣ್ಣಿನಾಗ ಯಾಕ ಬದುಕಲಿಲ್ಲ?

ಇಯರ್‌ಫೋನ್ ಹಾಕ್ಕೊಂಡು ಬೈಕ್ ಮ್ಯಾಲೆ ಹೊಂಟಿದ್ರ ಮೊದಲು ಗಾಡಿ ಬಾಜೂಕ ಹಚ್ರಿ, ಆಮ್ಯಾಲ ಕೇಳ್ರಿ. ಇವತ್ತಿನ ಮಾತು ಒಂದು ಹೂವಿನ ಗಿಡದ್ದು.

ನಮ್ಮೂರು ರಾಯಬಾಗ ತಾಲೂಕಿನ ಪಾಲಬಾವಿ. ನಮ್ಮ ವೈನಿ ಕುಮಟಾ ಕಡೆಯವರು. ಮದುವೆಯಾಗಿ ಬಂದ ವರ್ಷವೇ ತವರಿನಿಂದ ಕೇಪಳದ ಗಿಡ ತಂದು ಅಂಗಳದಲ್ಲಿ ಹಚ್ಚಿದರು. ಕೆಂಪು ಗೊಂಚಲು ಹೂ. ಸಣ್ಣವರಿದ್ದಾಗ ಆ ಹೂವಿನ ಜೇನು ಹೀರುತ್ತಿದ್ದರಂತೆ. ಮೂರು ತಿಂಗಳಿಗೆ ಚಿಗುರು ಹಳದಿ ಆಯ್ತು, ವರ್ಷ ತುಂಬೋದರೊಳಗ ಗಿಡ ಹೋಯ್ತು. ಎರಡನೇದೂ ಹಂಗೇ, ಮೂರನೇದೂ ಹಂಗೇ. ಆಜೂಬಾಜೂ ಮಂದಿ "ಇಕಿ ಕೈಗುಣಾನ ಚಲೋ ಇಲ್ಲ" ಅಂದರು. ವೈನಿ ತಿರುಗಿ ಏನೂ ಅನ್ನಲಿಲ್ಲ. ನಾಲ್ಕನೇ ಗಿಡ ತರಲೂ ಇಲ್ಲ.

ಕಾರಣ ನನಗೆ ಹೊಳೆದದ್ದು ಕಬ್ಬಿನ ಹೊಲದಾಗ. ಕುಳೆ ಕಬ್ಬಿನ ಎಳೇ ಎಲಿ ಬೆಳ್ಳಗಾದ್ರ ಅಪ್ಪ ಅನ್ನಭೇದಿ ಹೊಡಿತಾನ. ಅಂದ್ರ ಫೆರಸ್ ಸಲ್ಫೇಟ್, ಕಬ್ಬಿಣದ ಔಷಧ. ಕೇಪಳದ ಲಕ್ಷಣವೂ ಅದೇ ಇತ್ತು: ಹೊಸ ಎಲಿ ಹಳದಿ, ನರ ಅಷ್ಟೇ ಹಸಿರು.

ಎರಿ ಮಣ್ಣಿನಾಗ ಕಬ್ಬಿಣ ಇಲ್ಲಂತಲ್ಲ, ಬೇಕಾದಷ್ಟು ಐತಿ. ಆದರೆ ಸುಣ್ಣದ ಹರಳೂ ಐತಿ. ರಸಸಾರ, ಅಂದ್ರ ಪಿಎಚ್, ಸಾಮಾನ್ಯವಾಗಿ 8ರ ಮೇಲಿರುತ್ತದೆ. ಅಲ್ಲಿ ಕಬ್ಬಿಣ ನೀರಿನಲ್ಲಿ ಕರಗೋದಿಲ್ಲ, ಬೇರಿಗೆ ಸಿಗೋದಿಲ್ಲ. ಕೇಪಳಕ್ಕೆ ಬೇಕಾದದ್ದು 5ರಿಂದ 6.5. ಒಂದು ಅಂಕಿ ವ್ಯತ್ಯಾಸ ಅಂದ್ರ ಹುಳಿ ಹತ್ತು ಪಟ್ಟು ಹೆಚ್ಚುಕಮ್ಮಿ, ಎರಡು ಅಂಕಿ ಅಂದ್ರ ನೂರು ಪಟ್ಟು! ಕರಾವಳಿಯ ಜೋರು ಮಳೆ ಸಾವಿರಾರು ವರ್ಷ ಸುಣ್ಣವನ್ನು ತೊಳೆದು ತೊಳೆದು ಜಂಬಿಟ್ಟಿಗೆಯ ಹುಳಿ ಮಣ್ಣು ಉಳಿಸಿದೆ. ನಮ್ಮಲ್ಲಿ ಅಷ್ಟು ಮಳಿ ಎಲ್ಲೈತಿ? ಗಂಧರಾಜ, ಅಜೇಲಿಯಾ, ಚಹಾ ಗಿಡದ್ದೂ ಇದೇ ಕತೆ.

ಇನ್ನೊಂದು ಹೇಳಬೇಕು, ಅವ್ವ ಬೈದ್ರೂ ಪರವಾಗಿಲ್ಲ. ಗಿಡ ಸೊರಗಿತು ಅಂತ ಅವ್ವ ದಿನಾ ಪ್ರೀತಿಯಿಂದ ಒಲಿ ಬೂದಿ ಹಾಕುತ್ತಿದ್ದಳು. ಬೂದಿ ಸುಣ್ಣದ ತಮ್ಮ ಇದ್ದಂಗ. ಹಚ್ಚಿದ್ದೂ ಹೊಸದಾಗಿ ಸಿಮೆಂಟ್ ಮಾಡಿದ ಗೋಡೆ ಬುಡಕ್ಕೆ!

ಮನಿಯಾಗ ನೋಡಬೇಕಂದ್ರ ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹಾಕ್ರಿ. ಬುರುಗು ಬಂತಂದ್ರ ಸುಣ್ಣ ಐತಿ. ನಮ್ಮದು ಸೋಡಾ ಬಾಟ್ಲಿ ತೆರೆದಂಗ ಬಂತು. ಸರಿಯಾದ ಅಂಕಿ ಬೇಕಂದ್ರ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ಕೇಳ್ರಿ.

ಯೂಟ್ಯೂಬ್‌ನಾಗ ಗಂಧಕ ಹಾಕ್ರಿ, ಲಿಂಬಿರಸ ಸುರೀರಿ ಅಂತಾರ. ಇಷ್ಟು ಸುಣ್ಣ ಇರೋ ಮಣ್ಣಿಗೆ ಅದು ರೊಕ್ಕ ಹಾಳು. ಹಾಕಿದ ಹುಳೀನೆಲ್ಲ ಸುಣ್ಣ ತಿಂದು ಕೂರ್ತೈತಿ. ಎರಿ ಮಣ್ಣು ಕಬ್ಬಿಗೆ ಇರಲಿ ಬಿಡ್ರಿ, ಕೇಪಳಕ್ಕ ಕುಂಡಲಿ ಮಾಡ್ರಿ. ಖಾನಾಪುರ ಕಡೆಯಿಂದ ಬರೋ ಗಾಡಿಯಾಗ ಎರಡು ಚೀಲ ಕೆಂಪು ಮಣ್ಣು ತರಿಸಿದೆವು. ಎರಡು ಪಾಲು ಅದು, ಒಂದು ಪಾಲು ಎಲಿ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಕುಂಡಲಿ ಪ್ಲಾಸ್ಟಿಕ್ಕಿನದು, ಸಿಮೆಂಟಿನದು ಬ್ಯಾಡ.

ನೀರಿನ ಕಡೆ ಲಕ್ಷ್ಯ ಇಡ್ರಿ. ಬೋರಿನ ಗಡಸು ನೀರು ದಿನಾ ಹಾಕಿದರೆ ಹೊರಗೆ ಬಿಟ್ಟ ಸುಣ್ಣ ಮತ್ತೆ ಒಳಗೆ ಬರ್ತೈತಿ. ನಾವು ತಗಡಿನ ಮ್ಯಾಲಿನ ಮಳಿ ನೀರು ಬ್ಯಾರಲ್‌ನಾಗ ಹಿಡಿದಿಟ್ಟೇವಿ. ಚಿಗುರು ಹಳದಿ ಆದ್ರ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್ ಕಲಿಸಿ ಸಂಜಿ ಮುಂದ ಎಲಿ ಮ್ಯಾಲೆ ಸಿಂಪಡಿಸ್ರಿ. ಕೈಗೆ, ಅರಬಿಗೆ ಕಲೆ ಆಗ್ತೈತಿ, ಹುಷಾರ್.

ನಾಲ್ಕನೇ ಗಿಡ ತಂದವನು ನಾನೇ. ಈಗ ಗೊಂಚಲು ಬಿಟ್ಟೈತಿ. ಮೊನ್ನೆ ಬಾಜೂ ಮನಿ ಕಾಕು, ಹೌದು, ಕೈಗುಣದ ಮಾತಾಡಿದ ಅದೇ ಕಾಕು, ಬಂದು ಒಂದು ಟೊಂಗಿ ಕೇಳಿದರು. ವೈನಿ ಕೊಟ್ಟರು. ಜೊತೆಗೆ ಒಂದು ಬುಟ್ಟಿ ಕೆಂಪು ಮಣ್ಣನ್ನೂ.