ಮೂಳೆ ವೈದ್ಯರ ಮೂರು ಕಾಯಕ

(ರೋಗಿಗಳು ಮತ್ತು ಅವರ ಸಂಬಂಧಿಕರ ಸಭೆಯಲ್ಲಿ ಆಸ್ಪತ್ರೆಯ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸ)

 

ಕೆಲವು ದಿನಗಳ ಹಿಂದೆ ಮೂಳೆ ವಾರ್ಡಿನಲ್ಲಿ ಒಬ್ಬ ತಾಯಿ ನನ್ನ ಕೈ ಹಿಡಿದು, “ಸಿಸ್ಟರ್, ಸಾಹೇಬರಿಗೆ ಒಂದ್ ಮಾತು ಹೇಳ್ರಿ, ಪರ್ಸೆಂಟ್ ಸ್ವಲ್ಪ ಜಾಸ್ತಿ ಬರೀಲಿ. ನಮ್ಮ ಮನಿಯವರಿಗೆ ಇನ್ನ ಲಾರಿ ಹೊಡಿಯಾಕ ಆಗೂದಿಲ್ರಿ” ಎಂದು ಕಣ್ಣೀರು ಹಾಕಿದರು. ಆಕೆಯ ಸಂಕಟ ನಿಜ. ಆದರೆ ಆಕೆ ಕೇಳಿದ ದಾರಿ ಸರಿಯಲ್ಲ. ಆದ್ದರಿಂದಲೇ ಇಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಮೂಳೆ ವೈದ್ಯರೆಂದರೆ ಪ್ಲಾಸ್ಟರ್ ಹಾಕುವವರು, ರಾಡ್ ಕೂರಿಸುವವರು ಎಂದಷ್ಟೇ ನಾವು ತಿಳಿದಿರುತ್ತೇವೆ. ಅವರಿಗೆ ಮೂರು ಕಾಯಕಗಳಿವೆ: ಚಿಕಿತ್ಸೆ ಮಾಡುವುದು, ಕಲಿಸುವುದು, ಪರೀಕ್ಷಿಸಿ ನಿಷ್ಪಕ್ಷಪಾತವಾಗಿ ಅಭಿಪ್ರಾಯ ಬರೆದುಕೊಡುವುದು.

ಮೊದಲೆರಡಕ್ಕೆ ಡಾ. ಪ್ರಮೋದ್ ಕರಣ್ ಸೇಥಿಯವರ ಬದುಕು ಒಳ್ಳೆಯ ಮಾದರಿ. 1927ರಲ್ಲಿ ಹುಟ್ಟಿದ ಅವರು ಎಡಿನ್‌ಬರೋದಲ್ಲಿ ಎಫ್.ಆರ್.ಸಿ.ಎಸ್. ಮುಗಿಸಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆ ಸೇರಿದರು. ಅಲ್ಲಿಯೇ ಮೂಳೆ ವಿಭಾಗದ ಪ್ರಾಧ್ಯಾಪಕರೂ ಆದರು. ಕಾಲು ಕಳೆದುಕೊಂಡವರಿಗೆ ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕೇ ಬೇಕಾಗಿತ್ತು. ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು, ಕೆಸರು ಹೊಲದಲ್ಲಿ ನಡೆಯಲು ಆಗುತ್ತಿರಲಿಲ್ಲ. ಹಳ್ಳಿಯವರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಸೇಥಿಯವರು ರೋಗಿಗಳನ್ನು ದೂರಲಿಲ್ಲ, ಪಾದದ ದೋಷವನ್ನು ಹುಡುಕಿದರು. ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರೊಡನೆ ಸೇರಿ 1960ರ ದಶಕದ ಕೊನೆಯಲ್ಲಿ ರಬ್ಬರಿನ ‘ಜೈಪುರ ಪಾದ’ ಸಿದ್ಧಪಡಿಸಿದರು. ಅದನ್ನು ಧರಿಸಿ ಬರಿಗಾಲಲ್ಲಿ ನಡೆಯಬಹುದು, ನೆಲದ ಮೇಲೆ ಕೂರಬಹುದು, ನೀರಿಗಿಳಿಯಬಹುದು. 1981ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2008ರಲ್ಲಿ ಅವರು ತೀರಿಕೊಂಡರು.

ಅವರಿಂದ ನಾವು ಕಲಿಯಬೇಕಾದದ್ದು ಒಂದೇ ಪ್ರಶ್ನೆ: ‘ಈ ಮನುಷ್ಯ ದಿನವೂ ಮಾಡುವ ಕೆಲಸ ಯಾವುದು?’ ಮೂರನೆಯ ಕಾಯಕದಲ್ಲೂ ಈ ಪ್ರಶ್ನೆಯೇ ಮುಖ್ಯ.

ಅಂಗವೈಕಲ್ಯವನ್ನು ವೈದ್ಯರು ಕಣ್ಣಂದಾಜಿನಲ್ಲಿ ಬರೆಯುವುದಿಲ್ಲ. ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುತ್ತಾರೆ. ಕಾಲು ಎಷ್ಟು ಗಿಡ್ಡವಾಗಿದೆ, ತೊಡೆಯ ಸ್ನಾಯು ಎಷ್ಟು ಸೊರಗಿದೆ ಎಂದು ಟೇಪು ಹಿಡಿದು ನೋಡುತ್ತಾರೆ. ಆದ್ದರಿಂದ ಬೇಕೆಂದೇ ಕುಂಟಿ ತೋರಿಸಿದರೆ ಗೊತ್ತಾಗಿಬಿಡುತ್ತದೆ. ಆಗ ನಿಜವಾದ ನೋವನ್ನೂ ಯಾರೂ ನಂಬುವುದಿಲ್ಲ.

ಹಾಗಾದರೆ ಆ ತಾಯಿಗೆ ದಾರಿಯಿಲ್ಲವೇ? ಇದೆ. ಅಪಘಾತ ಪರಿಹಾರದ ಬಗ್ಗೆ ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ದೇಹಕ್ಕೆ ಎಷ್ಟು ಊನವಾಗಿದೆ ಎಂದು ಹೇಳುವುದು ವೈದ್ಯರ ಕೆಲಸ. ಅದರಿಂದ ಗಳಿಕೆ ಎಷ್ಟು ಕಡಿಮೆಯಾಯಿತು ಎಂದು ನಿರ್ಧರಿಸುವುದು ನ್ಯಾಯಮಂಡಳಿಯ ಕೆಲಸ. ಎಡಗೈ ಹೋದರೆ ಬಡಗಿಯ ಅಥವಾ ಡ್ರೈವರನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗಬಹುದು. ಸರ್ಕಾರಿ ಗುಮಾಸ್ತರ ನೌಕರಿ ಉಳಿಯಬಹುದು. ಈ ಉದಾಹರಣೆ ಆ ತೀರ್ಪಿನಲ್ಲೇ ಇದೆ. ಹೀಗಾಗಿ ಪರ್ಸೆಂಟ್ ಹೆಚ್ಚಿಸಿ ಬರೆಸುವ ಅಗತ್ಯವಿಲ್ಲ. ಯಜಮಾನರು ಲಾರಿ ಚಾಲಕರು ಎಂಬುದಕ್ಕೆ ಲೈಸೆನ್ಸ್, ಮಾಲೀಕರ ಸಾಕ್ಷಿ, ಸಂಬಳದ ದಾಖಲೆಗಳನ್ನು ವಕೀಲರ ಮೂಲಕ ಹಾಜರುಪಡಿಸಬೇಕು.

ಇನ್ನು ಕೆಲವು ಮಾತುಗಳನ್ನು ನೆನಪಿಡಿ.

1. ಡಿಸ್ಚಾರ್ಜ್ ಕಾರ್ಡ್, ಎಕ್ಸ್-ರೇ, ಬಿಲ್ಲುಗಳನ್ನು ಒಂದೇ ಚೀಲದಲ್ಲಿ ಜೋಪಾನವಾಗಿಡಿ.

2. ಶಾಶ್ವತ ಊನದ ಅಳತೆಯನ್ನು ಚಿಕಿತ್ಸೆ ಮುಗಿದು ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ ಮಾಡುತ್ತಾರೆ. ಪ್ಲಾಸ್ಟರ್ ಇರುವಾಗಲೇ ಅವಸರ ಮಾಡಬೇಡಿ. ವ್ಯಾಯಾಮವನ್ನೂ ಬಿಡಬೇಡಿ, ಪರಿಹಾರದ ಆಸೆಗೆ ಕೀಲು ಬಿಗಿಯಾದರೆ ನಷ್ಟ ಜೀವನಪೂರ್ತಿ.

3. ಅಂಗವಿಕಲರ ಪ್ರಮಾಣಪತ್ರ ಬೇರೆ ವಿಷಯ. ಅದನ್ನು ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರವೇ ಕೊಡಬೇಕು. 2016ರ ಕಾಯ್ದೆಯ ಪ್ರಕಾರ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಊನವಿರಬೇಕು. ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

4. ಏಜೆಂಟರಿಗೆ ದುಡ್ಡು ಕೊಟ್ಟು ಪತ್ರ ಮಾಡಿಸಬೇಡಿ.

ಮೊದಲನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ನರ್ಸಿಂಗ್ ಓದುತ್ತಿದ್ದಾಗ ನಮ್ಮ ತಂದೆಯವರ ಕಾಲು ಮುರಿದಿತ್ತು. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಹಳೆಯ ಎಕ್ಸ್-ರೇಗಳನ್ನು ನಾನೇ ಕಸಕ್ಕೆ ಹಾಕಿದೆ. ಮುಂದೆ ಪರೀಕ್ಷೆಗೆ ಹೋದಾಗ ಮೊದಲಿನ ಪೆಟ್ಟು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ತಂದೆಯವರು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಇವತ್ತಿಗೂ ನೋವು.

ವೈದ್ಯರು ನಮ್ಮ ಕಡೆಯವರಾಗಿ ಚಿಕಿತ್ಸೆ ಮಾಡುತ್ತಾರೆ. ಅಭಿಪ್ರಾಯ ಬರೆಯುವಾಗ ಸತ್ಯದ ಕಡೆಯವರಾಗಿರಬೇಕು. ಆ ಕಾಗದಕ್ಕೆ ಬೆಲೆ ಇರುವುದೇ ಅದರಿಂದ. ನಿಮ್ಮ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಬರೆಯಲು, ಕಾಗದ ಜೋಡಿಸಲು ತಿಳಿಯದಿದ್ದರೆ ವಾರ್ಡಿನ ಸಿಸ್ಟರ್‌ಗಳನ್ನು ಸಂಕೋಚವಿಲ್ಲದೆ ಕೇಳಿ. ಅದೂ ನಮ್ಮ ಸೇವೆಯೇ.

ಎಲ್ಲರೂ ಬೇಗ ಗುಣಮುಖರಾಗಿ ತಮ್ಮ ತಮ್ಮ ಕಾಯಕಕ್ಕೆ ಮರಳಲೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.