ಶೂನ್ಯದ ಒತ್ತಾಸೆ

ಕನ್ನಡದಲ್ಲಿ ‘ಒತ್ತಾಸೆ’ ಎಂಬ ಸೊಗಸಾದ ಮಾತೊಂದಿದೆ. ಒಬ್ಬನು ಮಾಡಬೇಕಾದ ಕೆಲಸವನ್ನು ಅವನ ಕೈಯಿಂದ ಕಸಿದುಕೊಳ್ಳದೆ, ಅವನ ಹಿಂದೆ ನಿಂತು ಬಲ ಕೊಡುವುದೇ ಒತ್ತಾಸೆ. ಮೋಟಾರು ಬಲ್ಲವರು ‘ಬ್ರೇಕ್ ಬೂಸ್ಟರ್’ ಎಂದು ಕರೆಯುವ ಉಪಕರಣಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ತೋಚುವುದಿಲ್ಲ. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು ಬ್ರೇಕಿನ ಮಾತೆತ್ತುವುದು ಶ್ರೋತೃಗಳಿಗೆ ವಿಚಿತ್ರವೆನಿಸೀತು. ಆದರೆ ಹಳೆಯ ಓಲೆಗರಿಯ ಪಾಠವನ್ನು ಪರಿಷ್ಕರಿಸುವುದಕ್ಕೂ ಹಳೆಯ ಕಾರನ್ನು ಬಿಚ್ಚಿ ನೋಡುವುದಕ್ಕೂ ಒಂದು ನಂಟುಂಟು. ಎರಡರಲ್ಲಿಯೂ ದೋಷ ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು.

ನಮ್ಮ ಮನೆಯಲ್ಲಿರುವುದು ಕಾಂಟೆಸ್ಸಾ. ಇಂಗ್ಲೆಂಡಿನ ವಾಕ್ಸ್‌ಹಾಲ್ ಮಾದರಿಯನ್ನು ಅನುಸರಿಸಿ ಹಿಂದುಸ್ತಾನ್ ಮೋಟರ್ಸ್‌ನವರು 1984ರಿಂದ 2002ರವರೆಗೆ ತಯಾರಿಸಿದ ಕಾರು ಅದು. ಹಳೆಯ ಅಂಬಾಸಿಡರುಗಳಲ್ಲಿ ಬ್ರೇಕಿಗೆ ಬೇಕಾದ ಬಲವೆಲ್ಲ ಚಾಲಕನ ಕಾಲಿನದೇ ಆಗಿತ್ತು. ನಮ್ಮ ಕಾರಿನಲ್ಲಿ ಬೂಸ್ಟರಿನ ನೆರವಿದೆ. ಗಾಳಿಯಿಲ್ಲದ ಎಡೆಯಿಂದ ಕೆಲಸ ತೆಗೆಯುವ ಈ ಉಪಾಯವನ್ನು 1927ರಲ್ಲಿ ಬ್ರೇಕಿಗೆ ಹೊಂದಿಸಿದವನು ಬೆಲ್ಜಿಯಮ್ಮಿನ ಆಲ್ಬರ್ಟ್ ದೆವಾಂದ್ರ್.

ಅದರ ರಚನೆ ಸರಳವಾದುದು. ಗುಂಡನೆಯ ತಗಡಿನ ಡಬ್ಬಿ. ಅದನ್ನು ಎರಡು ಕೋಣೆಗಳಾಗಿ ಬೇರ್ಪಡಿಸುವ ರಬ್ಬರಿನ ಪರದೆ. ಪೆಟ್ರೋಲ್ ಎಂಜಿನ್ನು ಉಸಿರೆಳೆದುಕೊಳ್ಳುವಾಗ ಕೊಳವೆಯೊಂದರ ಮೂಲಕ ಡಬ್ಬಿಯ ಗಾಳಿಯನ್ನೂ ಹೀರಿಕೊಳ್ಳುತ್ತದೆ. ಚಾಲಕನು ಪೆಡಲನ್ನು ತುಳಿದೊಡನೆ ಹೊರಗಿನ ಗಾಳಿ ಹಿಂದಿನ ಕೋಣೆಗೆ ನುಗ್ಗಿ, ಪರದೆಯನ್ನು ಮುಂದಕ್ಕೆ ದೂಡುತ್ತದೆ. ಪರದೆಯ ಅಡ್ಡಳತೆ 20 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಎರಡು ಬದಿಯ ಒತ್ತಡದ ಅಂತರ ವಾಯುಮಂಡಲದ ಒತ್ತಡದ ಅರ್ಧದಷ್ಟಿದ್ದರೂ ಸುಮಾರು 150 ಕಿಲೋ ತೂಕದ ನೂಕುಬಲ ದೊರೆಯುತ್ತದೆ. ಡಬ್ಬಿಗೆ ತನ್ನದೆಂಬ ಬಲವೇ ಇಲ್ಲ. ತಾನು ಬರಿದಾಗಿ ಗಾಳಿಯ ಬಲಕ್ಕೆ ಎಡೆ ಮಾಡಿಕೊಡುತ್ತದೆ, ಅಷ್ಟೆ. ‘ಶೂನ್ಯಸಂಪಾದನೆ’ಯ ಶೂನ್ಯವೇ ಬೇರೆ, ಇದೇ ಬೇರೆ. ಆದರೂ ಬರಿದೆಂಬುದಕ್ಕೂ ಬೆಲೆಯುಂಟೆಂದು ಮನಗಾಣಲು ಇದೊಂದು ನಿದರ್ಶನ.

ಕಳೆದ ಮಳೆಗಾಲದಲ್ಲಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೋಗಿ ಜಾಂಬೋಟಿಯ ಮಾರ್ಗವಾಗಿ ಹಿಂದಿರುಗುತ್ತಿದ್ದಾಗ ಪೆಡಲು ಕಲ್ಲಿನಂತೆ ಬಿಗಿಯಿತು. ಎರಡೂ ಪಾದಗಳ ಬಲವನ್ನು ಹಾಕಿದರೆ ಮಾತ್ರ ಗಾಡಿ ನಿಲ್ಲುತ್ತಿತ್ತು. ನಿಧಾನವಾಗಿ ಬೆಳಗಾವಿ ಸೇರಿದೆವು. ಇಲ್ಲಿಯ ಗ್ಯಾರೇಜೊಂದರಲ್ಲಿ ಸುಲಭದ ಸಲಹೆ ದೊರೆಯಿತು: ‘ಕೊಳವೆಯ ಬಾಯಿಗೆ ಬೋಲ್ಟು ಜಡಿದುಬಿಡೋಣ, ತುಸು ಗಟ್ಟಿಯಾಗಿ ತುಳಿದರಾಯಿತು.’ ಆ ಕಾರನ್ನು ನನಗಿಂತ ಹೆಚ್ಚಾಗಿ ನಡೆಸುವವರು ನನ್ನ ಪತ್ನಿ. ಅವರಿಗೆ ಮೊಣಕಾಲಿನ ಬೇನೆ. ತಿಳಕವಾಡಿಯ ರಸ್ತೆಗಳಲ್ಲಿ ಶಾಲೆ ಬಿಟ್ಟ ಮಕ್ಕಳು ಯಾವ ಗಳಿಗೆಯಲ್ಲಿ ಅಡ್ಡ ಬಂದಾರೆಂದು ಹೇಳಬಲ್ಲವರಾರು? ಆ ಸಲಹೆಗೆ ನಾನು ಒಪ್ಪಲಿಲ್ಲ. ಖಾನಾಪುರದಿಂದ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆಸಿದೆ.

ಅವರು ಬೆಳಗಿನ ಬಸ್ಸಿಗೆ ಬಂದು ಮನೆಯಂಗಳದಲ್ಲಿಯೇ ಕೆಲಸಕ್ಕೆ ಕುಳಿತರು. ಮೊದಲು ಎಂಜಿನ್ನು ನಿಲ್ಲಿಸಿ ಪೆಡಲನ್ನು ಹಲವು ಸಲ ತುಳಿದು ಡಬ್ಬಿಯಲ್ಲಿ ಉಳಿದಿರಬಹುದಾದ ನಿರ್ವಾತವನ್ನು ಕಳೆದರು. ಕೊಳವೆಯನ್ನು ಬಿಡಿಸಿದರು. ಬಳಿಕ ಬೂಸ್ಟರಿನ ಮುಂದಿರುವ ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಕಳಚಿ, ಅದನ್ನು ಲೋಹದ ನಳಿಗೆಗಳು ಬಾಗದಂತೆ ಮೆಲ್ಲಗೆ ಮುಂದಕ್ಕೆ ಸರಿಸಿದರು. ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಸುಲಿದುಹೋಗುತ್ತದೆಂದು ಕೆಳಗೆ ಬಟ್ಟೆ ಹಾಸಿದ್ದರು. ಕಡೆಗೆ ಚಾಲಕನ ಕಾಲ ಬಳಿ ಅಂಗಾತ ಮಲಗಿ, ಪೆಡಲಿಗೂ ದೂಡುಗೋಲಿಗೂ ಬೆಸುಗೆಯಾಗಿದ್ದ ಪಿನ್ನನ್ನು ತೆಗೆದು, ಹಿಂಬದಿಯ ನಟ್ಟುಗಳನ್ನು ಸಡಿಲಿಸಿದರು. ಡಬ್ಬಿ ಕೈಗೆ ಬಂತು.

ಅದನ್ನು ಓರೆ ಮಾಡಿದೊಡನೆ ಒಳಗಿನಿಂದ ಬ್ರೇಕ್ ಆಯಿಲ್ ಸುರಿಯಿತು. ಮಿಸ್ತ್ರಿ ತಲೆಯಾಡಿಸಿ ಹೇಳಿದರು: ‘ನೋಡ್ರಿ ಸರ, ಇದಷ್ಟ ಬದಲಿ ಮಾಡಿದ್ರ ಉಪಯೋಗಿಲ್ಲ. ಇದನ್ನ ಕೊಂದಾಂವ ಯಾರು ಅಂತ ಮೊದಲ ಹುಡುಕಬೇಕ್ರಿ.’

ಕೊಂದದ್ದು ಮಾಸ್ಟರ್ ಸಿಲಿಂಡರು. ಅದರ ಹಿಂತುದಿಯ ರಬ್ಬರು ಸವೆದು, ಆಯಿಲ್ ಹನಿಹನಿಯಾಗಿ ಬೂಸ್ಟರಿನೊಳಕ್ಕೆ ಇಳಿದು ಪರದೆಯನ್ನು ಕೊಳೆಯಿಸಿತ್ತು. ನೆಲದ ಮೇಲೆ ಒಂದು ಹನಿಯೂ ಕಾಣದಿದ್ದರೂ ಆಯಿಲ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದುದರ ಗುಟ್ಟು ಆಗ ತಿಳಿಯಿತು. ಬೋಲ್ಟು ಜಡಿದಿದ್ದರೆ ಸೋರುವಿಕೆ ಮುಂದುವರಿದು, ಒಂದು ದಿನ ಮೂಲ ಬ್ರೇಕಿಗೇ ಅಪಾಯ ಬರುತ್ತಿತ್ತು. ಹೈಡ್ರಾಲಿಕ್ ಸಾಮಗ್ರಿಗಳ ತಯಾರಿಕೆಗೆ ಹೆಸರಾದ ಬೆಳಗಾವಿಯಲ್ಲಿ ಸಿಲಿಂಡರಿಗೆ ಹೊಸ ರಬ್ಬರುಗಳನ್ನು ಹೊಂದಿಸುವುದು ಕಷ್ಟವಾಗಲಿಲ್ಲ. ಬೂಸ್ಟರಿಗೂ ಹೊಸ ಪರದೆ ಬಂತು. ಮರಳಿ ಜೋಡಿಸುವಾಗ ಮಿಸ್ತ್ರಿ ದೂಡುಗೋಲಿನ ಉದ್ದವನ್ನು ಮತ್ತೆ ಮತ್ತೆ ಅಳೆದರು. ಅದು ಕೂದಲೆಳೆ ಹೆಚ್ಚಾದರೆ ಬ್ರೇಕು ಚಕ್ರವನ್ನು ಸದಾ ಹಿಡಿದೇ ಇರುತ್ತದೆ. ಕಡಿಮೆಯಾದರೆ ಪೆಡಲು ಪೊಳ್ಳಾಗುತ್ತದೆ.

ಹಳೆಯ ಕಾರುಳ್ಳವರು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದನ್ನು ಅವರು ಹೇಳಿಕೊಟ್ಟರು. ಎಂಜಿನ್ನು ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ. ಬಳಿಕ ಅದುಮಿ ಹಿಡಿದೇ ಎಂಜಿನ್ನು ಚಾಲೂ ಮಾಡಿರಿ. ಪೆಡಲು ತುಸು ಕೆಳಗಿಳಿದರೆ ಒತ್ತಾಸೆ ಉಂಟು. ಇಳಿಯದಿದ್ದರೆ ಬಲ್ಲವರನ್ನು ಕಾಣಿರಿ.

ಪ್ರತಿಕಾರನು ಮೊದಲ ಸಾಲಿನಲ್ಲಿ ಎಸಗಿದ ತಪ್ಪು ಮೂರನೆಯ ಸಾಲಿನ ಅರ್ಥವನ್ನು ಕೆಡಿಸಿದಾಗ, ಮೂರನೆಯ ಸಾಲನ್ನೇ ತಿದ್ದಿಬಿಡುವ ಸಂಪಾದಕರುಂಟು. ಮನೆಯಲ್ಲಿಯೂ ಸಂಸ್ಥೆಗಳಲ್ಲಿಯೂ ನಾವು ಮಾಡುವುದು ಹಲವು ಸಲ ಅದನ್ನೇ. ಸದ್ದಿಲ್ಲದೆ ನೆರವಾಗುತ್ತಿದ್ದವರು ಸೋತು ಕುಳಿತರೆ ಅವರೇ ಕೆಟ್ಟರೆನ್ನುತ್ತೇವೆ, ಅವರಿಲ್ಲದೆಯೂ ನಡೆದೀತೆನ್ನುತ್ತೇವೆ. ಅವರ ಮೇಲೆ ಇಷ್ಟು ದಿನ ಏನು ಸೋರುತ್ತಿತ್ತೆಂದು ನೋಡುವವರು ವಿರಳ.