ಹೊಸ ತುತ್ತು: ಹೆದರಿಕೆ ಬೇಡ, ಎಚ್ಚರವಿರಲಿ



ಪೋಷಣ್ ಮಾಸದಲ್ಲಿ ದೊಡ್ಡಬಳ್ಳಾಪುರದ ಈ ಶಿಶು ಆಹಾರ ಪ್ರದರ್ಶನವನ್ನು ಉದ್ಘಾಟಿಸಲು ನನಗೆ ಸಂತೋಷ. ಇಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ರಾಗಿ ಸರಿ ಇದೆ. ಹೆಸರುಬೇಳೆ, ಬೇಯಿಸಿದ ಮೊಟ್ಟೆ, ಕಡಲೆಕಾಯಿ ಪುಡಿಯೂ ಇವೆ. 'ಮೊಟ್ಟೆ ಉಷ್ಣ, ಕಡಲೆಕಾಯಿ ಪಿತ್ತ, ವರ್ಷ ತುಂಬಲಿ' ಎನ್ನುವ ಅಜ್ಜಿಯರಿದ್ದಾರೆ. 'ಅಲರ್ಜಿ ಆದೀತು' ಎನ್ನುವ ಸೊಸೆಯರೂ ಇದ್ದಾರೆ. ಇಬ್ಬರ ಭಯವೂ ಒಂದೇ.

ಹಿಂದೆ ವೈದ್ಯರೂ ಹೀಗೇ ಹೇಳುತ್ತಿದ್ದರು. ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2000ದಲ್ಲಿ ಸಲಹೆ ಕೊಟ್ಟಿತ್ತು. 2008ರಲ್ಲಿ ಅದನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ 'ಲೀಪ್' ಅಧ್ಯಯನ ಅಂಥ 640 ಶಿಶುಗಳನ್ನು ನೋಡಿತು. ಕಡಲೆಕಾಯಿಯನ್ನು ಬೇಗ ತಿನ್ನಿಸಿದ ಮಕ್ಕಳಲ್ಲಿ, ತಿನ್ನಿಸದವರಿಗಿಂತ ಅದರ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಿತ್ತು.

ನಮ್ಮವರ ಕಥೆ ಏನು? ಬೆಂಗಳೂರು ಮತ್ತು ಮೈಸೂರಿನ ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಶೇ. 26.5 ಜನರ ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಸೂಕ್ಷ್ಮತೆ ಕಂಡಿತು. ನಿಜವಾದ ಅಲರ್ಜಿಯ ಸಂಭವ ಇದ್ದದ್ದು ಶೇ. 1.2 ಜನರಿಗೆ ಮಾತ್ರ. ಆದ್ದರಿಂದ ಬರೀ ಪರೀಕ್ಷೆಯ ಚೀಟಿ ನೋಡಿ ಮಗುವಿನ ತಟ್ಟೆಯಿಂದ ಹಾಲು, ಮೊಟ್ಟೆ ತೆಗೆಯಬೇಡಿ.

ಆರು ತಿಂಗಳವರೆಗೆ ಎದೆಹಾಲೇ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಹೊಸ ಆಹಾರ ಒಂದೊಂದಾಗಿ, ಕಾಲು ಚಮಚದಿಂದ, ಹಗಲು ಹೊತ್ತಿನಲ್ಲಿ, ಮಗು ಆರೋಗ್ಯವಾಗಿದ್ದಾಗ ಬರಲಿ. ಒಗ್ಗಿದರೆ ನಿಲ್ಲಿಸದೆ ವಾರಕ್ಕೆ ಎರಡು ಮೂರು ಸಲ ಕೊಡುತ್ತಿರಿ. ಕಡಲೆಕಾಯಿ ಬೀಜ ಇಡಿಯಾಗಿ ಬೇಡ, ಗಂಟಲಿಗೆ ಸಿಕ್ಕೀತು. ನುಣ್ಣಗೆ ಪುಡಿಮಾಡಿ ಸರಿಯಲ್ಲಿ ಕಲಸಿ. ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬೇಡಿ. ತೀವ್ರ ಇಸುಬು ಇರುವ, ಅಥವಾ ಮೊದಲೇ ಯಾವುದೋ ಆಹಾರ ಒಗ್ಗದ ಮಗುವಾದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ.

ತಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ಪದೇ ಪದೇ ವಾಂತಿಯಾದರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಆ ಆಹಾರ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಉಸಿರು ಕಟ್ಟಿದರೆ, ಮಗು ನಿತ್ರಾಣವಾಗಿ ಬಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ಅಂಗನವಾಡಿ ಕಾರ್ಯಕರ್ತೆಯರಲ್ಲಿ ನನ್ನದೊಂದು ಕೋರಿಕೆ. ಮಗುವನ್ನು ಅಂಗನವಾಡಿಗೆ ಸೇರಿಸಿಕೊಳ್ಳುವಾಗ 'ಯಾವ ಆಹಾರ ಒಗ್ಗುವುದಿಲ್ಲ?' ಎಂದು ಕೇಳಿ, ಬರೆದಿಟ್ಟುಕೊಳ್ಳಿ, ಅಡುಗೆ ಮಾಡುವವರಿಗೂ ತಿಳಿಸಿ. ತಾಯಂದಿರೇ, ಪ್ರತಿ ಮೇಜಿನ ಬಳಿಯೂ ನಿಂತು ಪ್ರಶ್ನೆ ಕೇಳಿ, ಕಲಿತು ಹೋಗಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಘೋಷಿಸುತ್ತೇನೆ.